ಕಪ್ಪು ಶಿಲೆಯ ಮಾಲಿಬ್ಡಿನಂ ಅಳೆಸಿದ್ದು: ಒಂದು ಐಸೋಟೋಪ್ ಸೇವೆಯ ವಿಮರ್ಶೆ

ಚಿತ್ರದುರ್ಗ ಶಿಲಾಪಟ್ಟಿಯ ಇಂಗಾಲಯುಕ್ತ ಫಿಲೈಟ್ (ಕಾವು ಒತ್ತಡಗಳಿಗೆ ಸಿಕ್ಕಿ ಹಾಳೆಹಾಳೆಯಾದ ಕೆಸರುಶಿಲೆ) ಮತ್ತು ಅದರ ಮಗ್ಗುಲಲ್ಲಿರುವ ಪಟ್ಟೆ ಕಬ್ಬಿಣಶಿಲೆಯ ಪುಡಿಗಳನ್ನು 24 ಸೀಸೆಗಳಲ್ಲಿ ತುಂಬಿ, ಕಳೆದ ವರ್ಷ ಯೂರೋಪಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಮಾಲಿಬ್ಡಿನಂ ಎಂಬ ಲೋಹದ ಐಸೋಟೋಪ್, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ವಿಶ್ಲೇಷಣೆಗೆಂದು ಕಳಿಸಿದ್ದೆವು. ಹಣ ಕೊಟ್ಟವರಿಗೆಲ್ಲ ಅಳೆದುಕೊಡುವ ಇಂಥ ಸೇವೆಗಳ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಅವರ ಮಾರ್ಗದರ್ಶಕರು ಹಣ ಕಟ್ಟುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಪ್ರಯೋಗಾಲಯದ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ನಾನು ಎತ್ತುವ ಆಕ್ಷೇಪಗಳು ಈ ವ್ಯವಹಾರದಲ್ಲಿರುವ ಇತರರಿಗೂ ಅಷ್ಟೇ ಅನ್ವಯಿಸುತ್ತವೆ ಎಂದು ಸಹೋದ್ಯೋಗಿಗಳಿಂದ ಕೇಳಿದ್ದೇನೆ. ನಮ್ಮ ಶಿಲೆಗಳ ಸಂಖ್ಯೆಗಳನ್ನೂ ಇಲ್ಲಿ ಕೊಡುವುದಿಲ್ಲ. ಅವುಗಳ ಪರಿಶೀಲನೆ ಇನ್ನೂ ಮುಗಿದಿಲ್ಲ, ಮೇಲಾಗಿ ಇದು ಸೇವೆಯ ವಿಮರ್ಶೆಯೇ ಹೊರತು ಸಂಶೋಧನಾ ಪ್ರಬಂಧವಲ್ಲ.

ಇಷ್ಟು ಹಣ ಸುರಿದು ಕೊಳ್ಳುವುದಾದರೂ ಏನನ್ನು ಎಂದು ಕೇಳುವವರಿಗೆ ಎರಡು ಮಾತು. ಇಂದಿನ ಸಮುದ್ರದ ನೀರಿನಲ್ಲಿ ಕರಗಿರುವ ಸಂಕ್ರಮಣ ಲೋಹಗಳಲ್ಲಿ ಮಾಲಿಬ್ಡಿನಂನದೇ ಮೇಲುಗೈ. ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಇರುತ್ತದೆ. ಆಮ್ಲಜನಕವಿರುವ ನೀರಿನಲ್ಲಿ ಅದು ಮ್ಯಾಂಗನೀಸ್ ಆಕ್ಸೈಡ್ ಕಣಗಳಿಗೆ ಅಂಟಿಕೊಂಡು ತಳ ಸೇರುವಾಗ ಹಗುರ ಐಸೋಟೋಪುಗಳು ಹೆಚ್ಚಾಗಿ ಅಂಟುತ್ತವೆ, ಭಾರದವು ನೀರಿನಲ್ಲೇ ಉಳಿಯುತ್ತವೆ. ಹೀಗಾಗಿ ಇಂದಿನ ಸಮುದ್ರದ ಡೆಲ್ಟಾ-98 ಮೌಲ್ಯ, ಅಂದರೆ 98 ಮತ್ತು 95ರ ಅನುಪಾತವು ಒಂದು ಪ್ರಮಾಣ ದ್ರಾವಣಕ್ಕಿಂತ ಸಾವಿರಕ್ಕೆ ಎಷ್ಟು ಪಾಲು ಹೆಚ್ಚಿದೆ ಎಂಬ ಲೆಕ್ಕ, ಸುಮಾರು 2.3ರಷ್ಟಿದೆ, ಮ್ಯಾಂಗನೀಸ್ ಆಕ್ಸೈಡ್ ಹೀರಿಕೊಂಡ ಮಾಲಿಬ್ಡಿನಂ ಅದಕ್ಕಿಂತ ಸುಮಾರು 3 ಪರ್‌ಮಿಲ್ (ಸಾವಿರಕ್ಕೆ 3 ಪಾಲು) ಹಗುರ. ಕಪ್ಪು ಸಮುದ್ರದ ಆಳದಂತೆ ಹೈಡ್ರೋಜನ್ ಸಲ್ಫೈಡ್ ತುಂಬಿದ ನೀರಿನಲ್ಲಿ ಮಾತ್ರ ಲೋಹವೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಕೆಸರಿಗೆ ಇಳಿಯುವುದರಿಂದ, ಅಲ್ಲಿನ ಕಪ್ಪು ಕೆಸರು ಸಮುದ್ರದ ಮೌಲ್ಯವನ್ನೇ ಹೊತ್ತು ಕೂರುತ್ತದೆ. ಆ ಕೆಸರು ಗಟ್ಟಿಯಾದ ಶಿಲೆ ಸಿಕ್ಕರೆ, ನೂರಾರು ಕೋಟಿ ವರ್ಷ ಹಿಂದಿನ ಸಮುದ್ರದಲ್ಲಿ ಆಮ್ಲಜನಕ ಎಷ್ಟು ಹರಡಿತ್ತು ಎಂದು ಊಹಿಸಲು ಒಂದು ಹಿಡಿ ಸಿಕ್ಕಂತೆ.

ಈ ಹಿಡಿಯನ್ನು ಹಿಡಿದು ದೊಡ್ಡ ಮಾತುಗಳನ್ನು ಆಡಿದ್ದಾರೆ, ಜಗಳವನ್ನೂ ಆಡಿದ್ದಾರೆ. ಪಶ್ಚಿಮ ಆಸ್ಟ್ರೇಲಿಯಾದ ಹ್ಯಾಮರ್ಸ್‌ಲಿ ಜಲಾನಯನದ ಮೌಂಟ್ ಮೆಕ್ರೇ ಶೇಲ್ ಎಂಬ ಕೆಸರುಶಿಲೆಗೆ ಸುಮಾರು 250 ಕೋಟಿ ವರ್ಷ. ಅಲ್ಲಿ 2004ರಲ್ಲಿ ಕೊರೆದು ತೆಗೆದ ಶಿಲಾಸ್ತಂಭದಲ್ಲಿ ಒಂದು ಮಟ್ಟದಲ್ಲಿ ಮಾಲಿಬ್ಡಿನಂ ಪ್ರಮಾಣ ಸುಮಾರು 40 ಪಿಪಿಎಂವರೆಗೆ (ಹತ್ತು ಲಕ್ಷಕ್ಕೆ 40 ಪಾಲು) ಜಿಗಿದದ್ದನ್ನು ಏರಿಯಲ್ ಆನ್ಬಾರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ವಾತಾವರಣದಲ್ಲಿ ಆಮ್ಲಜನಕ ನೆಲೆಯೂರುವುದಕ್ಕೆ ಎಷ್ಟೋ ಮೊದಲೇ ಅದು ಒಮ್ಮೆ ಸುಳಿದು ಹೋಗಿತ್ತು ಎಂಬುದು ಅವರ ವಾದ. ದಕ್ಷಿಣ ಆಫ್ರಿಕಾದ ಪೊಂಗೋಲಾ ಶಿಲಾಸಮೂಹದ ಸುಮಾರು 295 ಕೋಟಿ ವರ್ಷ ಹಳೆಯ ಸಿಂಕೇನಿ ಕಬ್ಬಿಣಶಿಲೆಯಲ್ಲಿ ಮ್ಯಾಂಗನೀಸ್ ಹೆಚ್ಚಿದಷ್ಟೂ ಮಾಲಿಬ್ಡಿನಂ ಹಗುರವಾಗುವುದನ್ನು ನೋವಾ ಪ್ಲನಾವ್‌ಸ್ಕಿ ತಂಡ 2014ರಲ್ಲಿ ತೋರಿಸಿತು. ಮ್ಯಾಂಗನೀಸ್ ಆಕ್ಸೈಡ್ ಆಗಲೇ ಹುಟ್ಟುತ್ತಿತ್ತು ಎಂದರೆ ಆಮ್ಲಜನಕವನ್ನು ಬಿಡುವ ದ್ಯುತಿಸಂಶ್ಲೇಷಣೆಯೂ ಆಗಲೇ ಇತ್ತು ಎಂದಾಯಿತು. ಆದರೆ 2022ರಲ್ಲಿ ಸಾರಾ ಸ್ಲಾಟ್ಸ್‌ನಿಕ್ ಮತ್ತು ಸಂಗಡಿಗರು ಮೌಂಟ್ ಮೆಕ್ರೇ ಶಿಲೆಯನ್ನೇ ಸೂಕ್ಷ್ಮದರ್ಶಕದಡಿ ಮತ್ತೆ ನೋಡಿ, ಆ ಜಿಗಿತಕ್ಕೆ ಜ್ವಾಲಾಮುಖಿಯ ಬೂದಿಯೂ ಆಮೇಲೆ ಶಿಲೆಯೊಳಗೆ ಹರಿದ ದ್ರವಗಳೂ ಕಾರಣವಿರಬಹುದು ಎಂದರು. ವಾದ ಇನ್ನೂ ಮುಗಿದಿಲ್ಲ. ಒಂದೊಂದು ದಶಮಾಂಶದ ಮೇಲೆ ಇಷ್ಟು ಭಾರ ಬೀಳುವ ಈ ಕ್ಷೇತ್ರದಲ್ಲಿ, ದುಡ್ಡು ಕೊಟ್ಟು ತರಿಸಿಕೊಂಡ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವುದು ಅಪಾಯ. ಸುಮಾರು 260ರಿಂದ 270 ಕೋಟಿ ವರ್ಷ ಹಳೆಯ, ಕಾವು ಒತ್ತಡಗಳಿಗೆ ಸಿಕ್ಕಿ ಹಸಿರುಶಿಲೆಯ ಹಂತದವರೆಗೆ ರೂಪಾಂತರವಾಗಿರುವ ನಮ್ಮ ಚಿತ್ರದುರ್ಗದ ಶಿಲೆಗಳಿಗಂತೂ ಈ ಎಚ್ಚರ ಇನ್ನಷ್ಟು ಬೇಕು.

ಮೊದಲ ತಪ್ಪು ನಮ್ಮದೇ, ಅದನ್ನು ಮೊದಲು ಹೇಳಿಬಿಡುತ್ತೇನೆ. ಶಿಲೆಯನ್ನು ಪುಡಿ ಮಾಡಲು ಅಗೇಟ್ ಕಲ್ಲಿನ ಒರಳನ್ನೇ ಬಳಸಬೇಕು ಎಂದು ನಿಗದಿಯಾಗಿತ್ತು. ವಿಭಾಗದ ಅಗೇಟ್ ಒರಳಿಗಾಗಿ ಮೂರು ಜನ ಸಾಲಿನಲ್ಲಿ ನಿಂತಿದ್ದ ದಿನ, ನಮ್ಮ ವಿದ್ಯಾರ್ಥಿಯೊಬ್ಬ ಮೂರು ಮಾದರಿಗಳನ್ನು ಉಕ್ಕಿನ ಒರಳಿನಲ್ಲಿ ಕುಟ್ಟಿ ಮುಗಿಸಿದ್ದ. ಗಟ್ಟಿ ಉಕ್ಕಿಗೆ ಮಾಲಿಬ್ಡಿನಂ ಬೆರೆಸುವುದು ಸಾಮಾನ್ಯ. ಶಿಲೆಯಲ್ಲಿರುವುದೇ ಒಂದೆರಡು ಪಿಪಿಎಂ ಆದಾಗ ಒರಳಿನಿಂದ ಸವೆದು ಬಂದ ಒಂದು ಕಣ ಸಾಕು, ನಾವು ಪ್ರಾಚೀನ ಸಮುದ್ರದ ಬದಲು ಕಾರ್ಖಾನೆಯ ಕುಲುಮೆಯನ್ನು ಅಳೆದಂತಾಗುತ್ತದೆ. ಆ ಮೂರು ಮಾದರಿಗಳ ಪ್ರಮಾಣ ಪಕ್ಕದವುಗಳಿಗಿಂತ ಎದ್ದು ಕಂಡದ್ದರಿಂದ ವಿಷಯ ಹೊರಬಿತ್ತು, ಅಷ್ಟರಲ್ಲಿ ಅವುಗಳ ಶುಲ್ಕ ನೀರುಪಾಲಾಗಿತ್ತು. ಇದರಲ್ಲಿ ಪ್ರಯೋಗಾಲಯದ ಪಾಲು ಇಷ್ಟೇ: ಅವರ ಅರ್ಜಿ ನಮೂನೆ ತೆರಿಗೆ ಸಂಖ್ಯೆಯಿಂದ ಹಿಡಿದು ಸೀಸೆಯ ಮುಚ್ಚಳದ ಅಳತೆಯವರೆಗೆ ಎಲ್ಲವನ್ನೂ ಕೇಳುತ್ತದೆ, ಯಾವುದರಲ್ಲಿ ಪುಡಿ ಮಾಡಿದಿರಿ ಎಂದು ಮಾತ್ರ ಕೇಳುವುದಿಲ್ಲ. ಕೊರೆಯುವ ಯಂತ್ರಕ್ಕೆ ಯಾವ ಗ್ರೀಸ್ ಹಾಕಿದ್ದರು ಎಂದೂ ಕೇಳುವುದಿಲ್ಲ, ಹಲವು ಗ್ರೀಸುಗಳಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಇರುವುದು ಗೊತ್ತಿರುವ ಸಂಗತಿಯಾದರೂ. ಕೇಳಿದ್ದರೆ ನಾವು ಒಮ್ಮೆ ಹಿಂತಿರುಗಿ ನೋಡುತ್ತಿದ್ದೆವು.

ಪಾರ್ಸೆಲ್ ಕಳಿಸುವಾಗಲೂ ಒಂದು ಪೇಚು. ಕೊರಿಯರ್ ಕಚೇರಿಯ ಹುಡುಗ ಸೀಸೆಗಳ ಕಪ್ಪು ಪುಡಿಯನ್ನು ನೋಡಿ "ಗುರೆಳ್ಳು ಚಟ್ನಿಪುಡಿನಾ ಸರ್? ತಿನ್ನೋ ವಸ್ತುವಿಗೆ ಬೇರೆ ಫಾರಂ" ಎಂದ. ಕಲ್ಲಿನ ಪುಡಿ ಎಂದರೆ ಅದಕ್ಕೆ ಬೆಲೆ ಎಷ್ಟು ಬರೆಯಲಿ ಎಂದು ಕೇಳಿದ. ವಾಣಿಜ್ಯ ಮೌಲ್ಯವಿಲ್ಲದ ಸಂಶೋಧನಾ ಮಾದರಿ ಎಂಬ ಪತ್ರವನ್ನು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಮೂರು ಪ್ರತಿ ಮಾಡಿ ಜೊತೆಗಿಟ್ಟರೆ ಸಾಕಾಗುತ್ತದೆ. ಪ್ರಯೋಗಾಲಯದವರು ಅದರ ಕರಡನ್ನು ಕೇಳಿದ ದಿನವೇ ಕಳಿಸಿಕೊಟ್ಟರು ಎಂಬುದನ್ನು ಮೆಚ್ಚುಗೆಯಿಂದ ಹೇಳಬೇಕು.

ಈ ಸೇವೆಯ ನಿಜವಾದ ಬಲ ಇರುವುದು ರಸಾಯನಿಕ ಶುದ್ಧೀಕರಣದಲ್ಲಿ. ಹೊರಗಿನವರಿಗೆ ಕಣ್ಣು ಕುಕ್ಕುವುದು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ, ಕೋಟಿಗಟ್ಟಲೆ ಬೆಲೆಯ ಮಾಸ್ ಸ್ಪೆಕ್ಟ್ರೋಮೀಟರ್; ಆದರೆ ಯಂತ್ರದೊಳಗೆ ಹೋಗುವ ಹನಿಯಲ್ಲಿ ಬೇರೆ ಲೋಹ ಉಳಿದಿದ್ದರೆ ಯಂತ್ರ ಎಷ್ಟೇ ದುಬಾರಿಯಾದರೂ ಸುಳ್ಳನ್ನೇ ಹೇಳುತ್ತದೆ. ಜಿರ್ಕೋನಿಯಂ ಮತ್ತು ರುಥೇನಿಯಂಗಳಿಗೆ ಮಾಲಿಬ್ಡಿನಂನಷ್ಟೇ ತೂಕದ ಐಸೋಟೋಪುಗಳಿವೆ. ಅದಕ್ಕಿಂತ ಕಿರಿಕಿರಿಯದು ಕಬ್ಬಿಣ: ಯಂತ್ರದ ಜ್ವಾಲೆ ಆರ್ಗಾನ್ ಅನಿಲದ್ದಾಗಿರುವುದರಿಂದ 40 ತೂಕದ ಆರ್ಗಾನ್ ಮತ್ತು 56 ತೂಕದ ಕಬ್ಬಿಣ ಜೋಡಿಯಾಗಿ 96 ಎಂದು ನಟಿಸುತ್ತವೆ, 55ರ ಮ್ಯಾಂಗನೀಸ್ ಅದೇ ಆರ್ಗಾನಿನ ಜೊತೆ ಸೇರಿ 95 ಆಗುತ್ತದೆ. ನಮ್ಮ ಮೂರು ಪಟ್ಟೆ ಕಬ್ಬಿಣಶಿಲೆಗಳಲ್ಲಿ ಕಬ್ಬಿಣವೇ ಹೇರಳ, ಮಾಲಿಬ್ಡಿನಂ ಇದ್ದೂ ಇಲ್ಲದಂತೆ. ಅಂಥವುಗಳನ್ನು ಅವರು ಒಂದು ಸಲ ಲೋಹಗಳನ್ನು ಬೇರ್ಪಡಿಸುವ ರೆಸಿನ್ ಸ್ತಂಭದಲ್ಲಿ ಇಳಿಸಿ ಸುಮ್ಮನಾಗದೆ, ಕಬ್ಬಿಣ ಉಳಿದಿದೆಯೇ ಎಂದು ನೋಡಿ ಎರಡನೆಯ ಸಲ ಇಳಿಸಿದ್ದರು. ಆ ಎರಡನೆಯ ಸುತ್ತಿಗೆ ಹೆಚ್ಚುವರಿ ಶುಲ್ಕವನ್ನೂ ಹಾಕಿರಲಿಲ್ಲ.

ರೆಸಿನ್ ಸ್ತಂಭದಲ್ಲೇ ಇನ್ನೊಂದು ಹೊಂಚು ಇದೆ. ಲೋಹ ಪೂರ್ತಿ ಇಳಿಯದೆ ಸ್ವಲ್ಪ ಅಲ್ಲೇ ಉಳಿದರೆ, ಉಳಿದದ್ದರ ಮತ್ತು ಇಳಿದದ್ದರ ಐಸೋಟೋಪ್ ಅನುಪಾತ ಬೇರೆಯಾಗಿಬಿಡುತ್ತದೆ. ಪ್ರಕೃತಿ ಮಾಡಿದ ವ್ಯತ್ಯಾಸ ಯಾವುದು, ನಾವು ಮಾಡಿದ್ದು ಯಾವುದು ಎಂದು ಹೇಳಲಾಗುವುದಿಲ್ಲ. ಇದಕ್ಕೆ ಡಬಲ್ ಸ್ಪೈಕ್ ಎಂಬ ಉಪಾಯವಿದೆ. ಚಿತ್ರದುರ್ಗದ ಕಡೆ ಕುರಿ ಸಾಕುವವರಿಗೆ ಇದನ್ನು ವಿವರಿಸುವುದು ಸುಲಭ: ಮಂದೆ ಸಂತೆಯ ನೂಕುನುಗ್ಗಲಿಗೆ ಹೋಗುವ ಮೊದಲೇ, ಕೆಂಪು ಬಳಿದವು ಇಷ್ಟು, ನೀಲಿ ಬಳಿದವು ಇಷ್ಟು ಎಂದು ಲೆಕ್ಕವಿಟ್ಟು ಒಳಗೆ ಬಿಡಬೇಕು, ಆಚೆ ಬದಿಯಲ್ಲಿ ಕೆಂಪು ನೀಲಿಗಳ ಲೆಕ್ಕ ಎಷ್ಟು ಕೆಟ್ಟಿದೆ ಎಂದು ನೋಡಿದರೆ, ದಾರಿಯಲ್ಲಿ ಎಂಥ ಕುರಿಗಳು ಹೆಚ್ಚು ತಪ್ಪಿಸಿಕೊಂಡವು ಎಂಬುದು ತಿಳಿಯುತ್ತದೆ. ಇಲ್ಲಿ ಬಣ್ಣದ ಕುರಿಗಳು 97 ಮತ್ತು 100 ತೂಕದ ಮಾಲಿಬ್ಡಿನಂ. ಅವನ್ನು ಮಂದೆ ಹೊರಡುವ ಮೊದಲು, ಅಂದರೆ ಪುಡಿಯನ್ನು ಆಮ್ಲದಲ್ಲಿ ಕರಗಿಸುವ ಹಂತದಲ್ಲೇ, ಬೆರೆಸಿದರಷ್ಟೇ ಪ್ರಯೋಜನ. ಈ ಪ್ರಯೋಗಾಲಯ ಹಾಗೆಯೇ ಮಾಡುತ್ತದೆ, ಪ್ರತಿ ಸೀಸೆಗೆ ಎಷ್ಟು ಸ್ಪೈಕ್ ಹಾಕಿದೆವು ಎಂಬ ತೂಕದ ಪಟ್ಟಿಯನ್ನು ಕೇಳಿದರೆ ಕೊಡುತ್ತದೆ. ನಾನು ವಿಚಾರಿಸಿದ ಇನ್ನೊಂದು ಅಗ್ಗದ ಸೇವೆಯವರು ಸ್ತಂಭದಿಂದ ಇಳಿದ ಮೇಲೆ ಬೆರೆಸುತ್ತೇವೆ ಎಂದಾಗ ಮಾತು ಅಲ್ಲಿಗೇ ನಿಲ್ಲಿಸಿದೆ.

ಎಂಟು ವಾರದ ಮಾತು ಕೊಟ್ಟು 19 ವಾರ ತೆಗೆದುಕೊಂಡರು. ನಡುವೆ ಎರಡು ಬಾರಿ ಯಂತ್ರ ದುರಸ್ತಿಯಲ್ಲಿದೆ ಎಂಬ ಒಂದು ಸಾಲಿನ ಮಿಂಚಂಚೆ ಬಂತು, ಆಮೇಲೆ ನಾವೇ ಕೇಳುವವರೆಗೆ ಸುದ್ದಿಯಿರಲಿಲ್ಲ. ಪ್ರಬಂಧ ಸಲ್ಲಿಸುವ ಗಡುವು ಇರುವ ವಿದ್ಯಾರ್ಥಿಗಳು ಹೇಳಿದ ಅವಧಿಯನ್ನು ಎರಡರಿಂದ ಗುಣಿಸಿ, ಮೇಲೆ ಒಂದು ತಿಂಗಳು ಸೇರಿಸಿಕೊಳ್ಳುವುದು ಒಳಿತು.

ಕೊನೆಗೆ ಬಂದ ವರದಿ ಒಂದೇ ಹಾಳೆಯ ಎಕ್ಸೆಲ್ ಕಡತ: ಸೀಸೆಯ ಸಂಖ್ಯೆ, ಮಾಲಿಬ್ಡಿನಂ ಪ್ರಮಾಣ, ಡೆಲ್ಟಾ-98, ದೋಷದ ಅಂದಾಜು. ಇಷ್ಟೇ. ಇಲ್ಲಿ ನಾವು ಮಾಡಿದ್ದ ಒಂದು ಗುಟ್ಟಿನ ಏರ್ಪಾಡು ಕೈಹಿಡಿಯಿತು. 24 ಸೀಸೆಗಳಲ್ಲಿ ನಮ್ಮ ಶಿಲೆಗಳು 20 ಮಾತ್ರ. ಎರಡು ಸೀಸೆಗಳಲ್ಲಿ ನಮ್ಮದೇ ಶಿಲೆಗಳ ಮರುಪ್ರತಿಯನ್ನು ಬೇರೆ ಸಂಖ್ಯೆ ಕೊಟ್ಟು ಇಟ್ಟಿದ್ದೆವು, ಇನ್ನೆರಡರಲ್ಲಿ ಎಸ್‌ಡಿಒ-1 ಇತ್ತು. ಎಸ್‌ಡಿಒ-1 ಎಂದರೆ ಕೆಂಟಕಿಯ ಡೆವೋನಿಯನ್ ಕಾಲದ ಕಪ್ಪು ಶೇಲ್‌ನಿಂದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಾಡಿಟ್ಟ ಪ್ರಮಾಣ ಪುಡಿ. ಜಗತ್ತಿನ ಹಲವು ಪ್ರಯೋಗಾಲಯಗಳು ಅದನ್ನು ಅಳೆದಿರುವುದರಿಂದ ಅದರ ಉತ್ತರ ಮೊದಲೇ ಗೊತ್ತಿರುತ್ತದೆ. ಮರುಪ್ರತಿಗಳು ಮೂಲದೊಡನೆ ಚೆನ್ನಾಗಿ ಕೂಡಿಬಂದವು. ಎಸ್‌ಡಿಒ-1ರ ಎರಡೂ ಸೀಸೆಗಳು ಪರಸ್ಪರ ಹೊಂದಿದವು, ಆದರೆ ಎರಡೂ 0.80ರ ಆಸುಪಾಸಿನಲ್ಲಿದ್ದವು. ನಾನು ಕಾಯುತ್ತಿದ್ದದ್ದು 1.05.

ಮೊದಲ ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ವ್ಯತ್ಯಾಸವನ್ನು ಕಾಗದದ ಮೇಲೆ ಬರೆದು ನೋಡಿದೆ: 0.25. ಈ ಸಂಖ್ಯೆ ಈ ಕೆಲಸದವರೆಲ್ಲರಿಗೂ ಪರಿಚಿತ. ಹಿಂದೆ ಒಂದೊಂದು ಪ್ರಯೋಗಾಲಯ ತನ್ನದೇ ದ್ರಾವಣವನ್ನು ಸೊನ್ನೆ ಎಂದಿಟ್ಟುಕೊಳ್ಳುತ್ತಿತ್ತು. ಒಬ್ಬರ ಅಳತೆಯನ್ನು ಇನ್ನೊಬ್ಬರದರ ಪಕ್ಕ ಇಡುವುದೇ ಕಷ್ಟವಾಗಿತ್ತು. 2014ರಲ್ಲಿ ಥಾಮಸ್ ನೇಗ್ಲರ್ ಮತ್ತು ಸಂಗಡಿಗರು ಅಮೆರಿಕದ ಮಾನಕ ಸಂಸ್ಥೆಯ ಎನ್‌ಐಎಸ್‌ಟಿ 3134 ಎಂಬ ದ್ರಾವಣವನ್ನು ಸಾಮಾನ್ಯ ಪ್ರಮಾಣವಾಗಿ ಸೂಚಿಸಿ, ಅದರ ಮೌಲ್ಯವನ್ನು ಸೊನ್ನೆ ಎನ್ನದೆ 0.25 ಎಂದು ಹಿಡಿಯಬೇಕೆಂದರು. ಹಾಗೆ ಮಾಡಿದರೆ ಸಮುದ್ರದ ನೀರಿನ ಹಳೆಯ ಅಳತೆಗಳು ಇದ್ದಲ್ಲೇ ಉಳಿಯುತ್ತವೆ ಎಂಬುದು ಅದರ ಅನುಕೂಲ. ಎಲ್ಲರೂ ಅದಕ್ಕೆ ಒಗ್ಗಿಕೊಂಡಿಲ್ಲ, 3134ನ್ನೇ ಸೊನ್ನೆ ಎನ್ನುವವರು ಈಗಲೂ ಇದ್ದಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಯಾವುದನ್ನು ಬಳಸಿದೆವು ಎಂದು ಬರೆಯದಿರುವುದು ತಪ್ಪು. ಈ ವರದಿಯಲ್ಲಿ ಆ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಗುಟ್ಟಿನ ಸೀಸೆಗಳಿಲ್ಲದಿದ್ದರೆ ನಾವು ನಮ್ಮ ಶಿಲೆಗಳನ್ನು ಬೇರೆಯವರ ನಕ್ಷೆಯ ಮೇಲೆ ಕಾಲು ಪರ್‌ಮಿಲ್ ಕೆಳಗೆ ಗುರುತು ಹಾಕಿಬಿಡುತ್ತಿದ್ದೆವು. ಆಮ್ಲಜನಕ ವಿರಳವಾಗಿದ್ದ ಕಾಲದ ಶಿಲೆಗಳಲ್ಲಿ ಭೂಚಿಪ್ಪಿನ ಮೌಲ್ಯಕ್ಕೂ ಸಮುದ್ರದ ಮೌಲ್ಯಕ್ಕೂ ಇರುವ ಅಂತರವೇ ಕಡಿಮೆಯಾಗಿರುವಾಗ, ಕಾಲು ಪರ್‌ಮಿಲ್ ಎಂದರೆ ತೀರ್ಮಾನವೇ ಮಗುಚಿಬೀಳುವಷ್ಟು ದೊಡ್ಡದು. ಪತ್ರ ಬರೆದ ಎರಡು ದಿನಕ್ಕೆ ಉತ್ತರ ಬಂತು, ಹೌದು, 3134 ನಮಗೆ ಸೊನ್ನೆ ಎಂದು ಒಪ್ಪಿಕೊಂಡರು, ಎರಡೂ ಲೆಕ್ಕದಲ್ಲಿ ಬರೆದ ಹೊಸ ಹಾಳೆಯನ್ನು ಕಳಿಸಿದರು. ಸೌಜನ್ಯಕ್ಕೆ ಕೊರತೆಯಿರಲಿಲ್ಲ.

ದೋಷದ ಅಂದಾಜಿನ ವಿಷಯದಲ್ಲಿ ಮಾತ್ರ ಅವರ ವಿವರಣೆ ನನಗೆ ಸಮಾಧಾನ ಕೊಡಲಿಲ್ಲ. ಹಾಳೆಯಲ್ಲಿ ಪ್ರತಿ ಸಂಖ್ಯೆಯ ಮುಂದೆ 0.02, 0.03 ಎಂಬ ಅಂದವಾದ ದೋಷಗಳಿದ್ದವು. ಅದು ಒಂದೇ ಹನಿಯನ್ನು ಒಂದೇ ಕೂತಲ್ಲಿ ಅಳೆಯುವಾಗ ಯಂತ್ರ ಎಷ್ಟು ಅಲುಗಾಡಿತು ಎಂಬುದರ ಲೆಕ್ಕ. ಅದೇ ಶಿಲೆಯನ್ನು ಇನ್ನೊಂದು ತಿಂಗಳು ಮತ್ತೆ ಕರಗಿಸಿ, ಮತ್ತೆ ಸ್ತಂಭದಲ್ಲಿಳಿಸಿ ಅಳೆದರೆ ಉತ್ತರ ಎಷ್ಟು ಸರಿಯುತ್ತದೆ ಎಂಬುದೇ ನಮಗೆ ಬೇಕಾದ ದೋಷ. ಒಳ್ಳೆಯ ಪ್ರಯೋಗಾಲಯಗಳಲ್ಲಿ ಅದು ಸಾಮಾನ್ಯವಾಗಿ 0.05ರಿಂದ 0.1ರ ನಡುವೆ ಇರುತ್ತದೆ. ಚಿಕ್ಕ ದೋಷವನ್ನು ಅಚ್ಚುಹಾಕಿ ದೊಡ್ಡದನ್ನು ಕೇಳಿದವರಿಗಷ್ಟೇ ಕೊಡುವ ಪದ್ಧತಿ, ತಕ್ಕಡಿಯ ಮುಳ್ಳನ್ನು ಗಿರಾಕಿಗೆ ಕಾಣದಂತೆ ತಿರುಗಿಸಿಟ್ಟ ಹಾಗೆ. ನಮ್ಮ ವಿದ್ಯಾರ್ಥಿ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ 0.07 ವ್ಯತ್ಯಾಸವಿದೆ ಎಂದು ಹಿಗ್ಗಿ ಬಂದಿದ್ದ. ದೊಡ್ಡ ದೋಷವನ್ನಿಟ್ಟು ನೋಡಿದಾಗ ಆ ವ್ಯತ್ಯಾಸ ಇರಲೇ ಇಲ್ಲ.

ಡೆಲ್ಟಾ ಮೌಲ್ಯವೊಂದನ್ನೇ ಕೊಂಡರೆ ಸಮುದ್ರದ ಕತೆ ಹೇಳಲಾಗುವುದಿಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ನೆಲದಿಂದ ಮಣ್ಣಿನೊಡನೆ ಬಂದ ಮಾಲಿಬ್ಡಿನಂ ಎಷ್ಟು ಎಂದು ಕಳೆಯಲು ಅಲ್ಯೂಮಿನಿಯಂ ಬೇಕು. ಆ ಕೆಸರಿನ ಮೇಲಿನ ನೀರಿನಲ್ಲಿ ಸಲ್ಫೈಡ್ ಇತ್ತೇ, ಬರಿಯ ಕಬ್ಬಿಣ ಕರಗಿತ್ತೇ ಎಂದು ತಿಳಿಯಲು ಕಬ್ಬಿಣದ ವಿವಿಧ ರೂಪಗಳ ಪರೀಕ್ಷೆ ಬೇಕು. ಸುಲಭವಾಗಿ ಪ್ರತಿಕ್ರಿಯಿಸುವ ಕಬ್ಬಿಣವು ಒಟ್ಟು ಕಬ್ಬಿಣದ 0.38 ಪಾಲನ್ನು ಮೀರಿದರೆ ಆಮ್ಲಜನಕವಿಲ್ಲದ ನೀರು, ಅದರಲ್ಲಿ ಪೈರೈಟ್ (ಕಬ್ಬಿಣದ ಸಲ್ಫೈಡ್ ಖನಿಜ) ಆದದ್ದು 0.7ರಿಂದ 0.8ನ್ನು ದಾಟಿದರೆ ಸಲ್ಫೈಡ್ ತುಂಬಿದ ನೀರು ಎಂಬುದು ರೂಢಿಯ ಮಾನದಂಡ. ನೀರಿನಲ್ಲಿ ಸಲ್ಫೈಡ್ ಇರಲಿಲ್ಲವೆಂದಾದರೆ ಶಿಲೆಯ ಮಾಲಿಬ್ಡಿನಂ ಸಮುದ್ರದ ಮೌಲ್ಯವನ್ನು ನೇರವಾಗಿ ಹೇಳುವುದಿಲ್ಲ, ಹೆಚ್ಚೆಂದರೆ ಅದಕ್ಕೊಂದು ಕೆಳಮಿತಿ ಕೊಡುತ್ತದೆ. ಈ ಪ್ರಯೋಗಾಲಯ ಅಲ್ಯೂಮಿನಿಯಂ, ಯುರೇನಿಯಂ, ರೀನಿಯಂಗಳನ್ನು ಪ್ರತ್ಯೇಕ ಶುಲ್ಕಕ್ಕೆ ಅಳೆಯುತ್ತದೆ, ಕಬ್ಬಿಣದ ರೂಪಗಳ ಪರೀಕ್ಷೆಯನ್ನು ಮಾಡುವುದೇ ಇಲ್ಲ. ಅದನ್ನು ನಾವು ಇಲ್ಲೇ ಮಾಡಿಕೊಂಡೆವು; ದುಬಾರಿ ಯಂತ್ರ ಬೇಕಿಲ್ಲ, ತಾಳ್ಮೆ ಬೇಕು.

ಅವರು ಬಿಲ್ಲಿನ ಜೊತೆ ಕ್ರೋಮಿಯಂ ಐಸೋಟೋಪ್ ಸೇವೆಯ ಕರಪತ್ರವನ್ನೂ ಕಳಿಸಿದ್ದರು, ಮೊದಲ ಕಂತಿಗೆ ರಿಯಾಯಿತಿಯಂತೆ. ನಾನು ತೆಗೆದುಕೊಳ್ಳಲಿಲ್ಲ. ದಕ್ಷಿಣ ಆಫ್ರಿಕಾದ 295 ಕೋಟಿ ವರ್ಷ ಹಳೆಯ ಐಜರ್‌ಮೈನ್ ಕಬ್ಬಿಣಶಿಲೆಯಲ್ಲಿ ಕಂಡು, ಪ್ರಾಚೀನ ಆಮ್ಲಜನಕದ ಗುರುತೆಂದು ಬಗೆದಿದ್ದ ಭಾರದ ಕ್ರೋಮಿಯಂ, ನೆಲದ ಮೇಲೆ ತೆರೆದುಬಿದ್ದ ಶಿಲೆಯಲ್ಲಿ ಇತ್ತೀಚಿನ ಶಿಥಿಲೀಕರಣದಿಂದ ಬಂದದ್ದು ಎಂದು 2018ರಲ್ಲಿ ತೋರಿಸಿದ್ದಾರೆ. ಆಳದಿಂದ ಕೊರೆದು ತೆಗೆದ ಅದೇ ಶಿಲೆಯಲ್ಲಿ ಆ ಗುರುತು ಇರಲಿಲ್ಲ. ನಮ್ಮ ಕಬ್ಬಿಣಶಿಲೆಗಳು ಗುಡ್ಡದ ಮೈಮೇಲಿಂದ ಸುತ್ತಿಗೆಯಲ್ಲಿ ಒಡೆದು ತಂದವು, ಎಷ್ಟು ಮುಂಗಾರುಗಳನ್ನು ಕಂಡಿವೆಯೋ. ಅಂಥ ಕಲ್ಲಿಗೆ ಕ್ರೋಮಿಯಂ ಅಳೆಸುವುದು ದುಡ್ಡು ದಂಡ.

ಬೆಲೆಯ ಮಾತು. ಒಂದು ಮಾದರಿಗೆ ತಗಲುವ ಹಣದಲ್ಲಿ ಒಬ್ಬ ವಿದ್ಯಾರ್ಥಿಯ ಒಂದು ವಾರದ ಕ್ಷೇತ್ರಕಾರ್ಯ ಮುಗಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದಂಥ ಕಡೆ ಲೋಹದ ಐಸೋಟೋಪ್ ಅಳೆಯುವ ಪರಿಣತಿ ನಮ್ಮಲ್ಲೇ ಇದೆ. ಆದರೆ ಅವು ಅಂಗಡಿಗಳಲ್ಲ, ಅಲ್ಲಿಗೆ ಹೋಗಬೇಕಾದದ್ದು ಸಹಸಂಶೋಧಕರಾಗಿ, ಪ್ರಶ್ನೆಯನ್ನೂ ಶ್ರಮವನ್ನೂ ಹಂಚಿಕೊಂಡು. ಸಮಯವಿದ್ದವರಿಗೆ ನಾನು ಆ ದಾರಿಯನ್ನೇ ಹೇಳುತ್ತೇನೆ, ಏಕೆಂದರೆ ವಿದ್ಯಾರ್ಥಿ ತನ್ನ ಕೈಯಾರೆ ಸ್ತಂಭದಲ್ಲಿ ಹನಿ ಇಳಿಸಿದರೆ ಮುಂದೆ ಯಾರ ಎಕ್ಸೆಲ್ ಹಾಳೆಯನ್ನಾದರೂ ಅನುಮಾನದಿಂದ ಓದಲು ಕಲಿಯುತ್ತಾನೆ. ಸಮಯವಿಲ್ಲದೆ ಹಣವಿದ್ದವರು ಈ ಸೇವೆಯನ್ನು ಬಳಸಬಹುದು. ಅಳತೆಗೆ ಡಿಸ್ಟಿಂಕ್ಷನ್ ಕೊಡುತ್ತೇನೆ, ವರದಿಗೆ ಪಾಸಾಗುವಷ್ಟು ಅಂಕ, ಸಮಯಪಾಲನೆಗೆ ಅದೂ ಇಲ್ಲ. ಹಣ ಕಟ್ಟುವ ಮೊದಲೇ ಪತ್ರ ಬರೆದು, 3134ಕ್ಕೆ ಯಾವ ಮೌಲ್ಯ ಹಿಡಿಯುತ್ತೀರಿ, ಬ್ಲಾಂಕ್ (ಆಮ್ಲ, ಪಾತ್ರೆಗಳಿಂದಲೇ ಸೇರಿಕೊಳ್ಳುವ ಮಾಲಿಬ್ಡಿನಂ) ಎಷ್ಟು, ವರ್ಷಪೂರ್ತಿಯ ಮರುಅಳತೆಯಲ್ಲಿ ಎಷ್ಟು ಸರಿಯುತ್ತದೆ ಎಂಬ ಮೂರಕ್ಕೂ ಲಿಖಿತ ಉತ್ತರ ಪಡೆಯಿರಿ. ಅವರು ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ.

ಒಂದು ವಿಷಯಕ್ಕೆ ನಾನು ಅವರಿಗೆ ನಿಜವಾಗಿಯೂ ಋಣಿ. ಬಿಲ್ಲು ಪಾವತಿಯಾದ ತಿಂಗಳಿಗೆ, ನಾವು ಕೇಳದೆಯೇ, ಉಳಿದ ಪುಡಿಯೆಲ್ಲ ಅದೇ 24 ಸೀಸೆಗಳಲ್ಲಿ ವಾಪಸು ಬಂತು. ಪ್ರತಿಯೊಂದರ ಮೇಲೆ ಎಷ್ಟು ತೆಗೆದೆವು, ಎಷ್ಟು ಉಳಿದಿದೆ ಎಂದು ಮಿಲಿಗ್ರಾಂ ಲೆಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಚೀಟಿ ಅಂಟಿಸಿದ್ದರು. ಉಕ್ಕಿನ ಒರಳಿನ ಮೂರು ಸೀಸೆಗಳ ಚೀಟಿಯಲ್ಲಿ ತೂಕದ ಕೆಳಗೆ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಯಾರೋ ಒಬ್ಬರಿಗೆ ಆಗಲೇ ಅನುಮಾನ ಬಂದಿತ್ತು, ವರದಿಯಲ್ಲಿ ಅದಕ್ಕೊಂದು ಅಂಕಣವಿರಲಿಲ್ಲ. ಆ ಮೂರು ಶಿಲೆಗಳನ್ನು ಅಗೇಟ್ ಒರಳಿನಲ್ಲಿ ಹೊಸದಾಗಿ ಅರೆದು ಮುಂದಿನ ಕಂತಿಗೆ ಸೇರಿಸಿದ್ದೇವೆ. ಒಟ್ಟು 12 ಸೀಸೆ. ಯಾವ ಎರಡರಲ್ಲಿ ಎಸ್‌ಡಿಒ-1 ಇದೆ ಎಂಬುದನ್ನು ಈ ಸಲ ವಿದ್ಯಾರ್ಥಿಗೂ ಹೇಳಿಲ್ಲ.